ಟ್ಯಾಂಕಿನ ತಳ

ಬೆಳಗ್ಗೆ ಏಳರ ಹೊತ್ತಿಗೆ ತಗ್ಗಿನ ಓಣಿಯ ನೀರು ಮೊದಲ ಮೆಟ್ಟಿಲನ್ನು ಮುಳುಗಿಸಿ ಎರಡನೆಯದರ ಅಂಚನ್ನು ನೆಕ್ಕುತ್ತಿತ್ತು. ಆ ಓಣಿಯ ನಲವತ್ತು ಮನೆಗಳಿಗೂ ಮೂರೇ ಮೆಟ್ಟಿಲು. ಮೂರನೆಯದನ್ನೂ ಏರಿದ ನೀರು ಹೊಸಿಲಿನ ಹತ್ತಿರ ನಿಂತು ಅಪ್ಪಣೆ ಕೇಳುವುದಿಲ್ಲ.

ಮಳೆ ಹಿಂದಿನ ದಿನವೇ ನಿಂತಿತ್ತು. ಆದರೆ ಮೇಲ್ಸೀಮೆಯಲ್ಲಿ ಸುರಿದದ್ದೆಲ್ಲ ಹೊಳೆ ಹಿಡಿದು ಈಗ ಇಳಿದು ಬರುತ್ತಿತ್ತು. ಊರಿಗೂ ಹೊಳೆಗೂ ನಡುವೆ ಒಂದು ಮಣ್ಣಿನ ದಂಡೆ. ದಂಡೆಯ ಆಚೆ ಹೊಳೆಯ ನೀರು ಆಳೆತ್ತರಕ್ಕೆ ನಿಂತಿದ್ದರೆ, ಈಚೆ ಅದಕ್ಕಿಂತ ತಗ್ಗಿನಲ್ಲಿ ಗದ್ದೆ, ಓಣಿ, ಮನೆ. ಒಳಗಿನ ನೀರು ಹೊಳೆಗೆ ಹರಿದುಹೋಗಲು ದಂಡೆಯ ಬುಡದಲ್ಲಿ ಒಂದು ತೂಬು. ಹೊಳೆ ತುಂಬಿದಾಗ ತೂಬಿನ ಕಬ್ಬಿಣದ ಬಾಗಿಲನ್ನು ಇಳಿಸಿ ಮುಚ್ಚಬೇಕು, ಇಲ್ಲದಿದ್ದರೆ ಹೊಳೆಯೇ ಊರಿಗೆ ನೆಂಟನಾಗಿ ಬರುತ್ತದೆ. ಮುಚ್ಚಿದ ಮೇಲೆ ಒಳಗಿನ ನೀರಿಗೆ ಒಂದೇ ದಾರಿ: ಪಂಪು ಅದನ್ನು ಎತ್ತಿ ದಂಡೆಯ ಆಚೆ ಚೆಲ್ಲಬೇಕು. ಪಂಪು ತಿರುಗಿಸುವುದಕ್ಕೆ ಒಂದು ಹಳೆಯ ಡೀಸೆಲ್ ಇಂಜಿನ್. ಆ ಇಂಜಿನ್ನನ್ನು ತಿರುಗಿಸುವುದಕ್ಕೆ ಇಪ್ಪತ್ತಾರು ವರ್ಷದಿಂದ ಒಬ್ಬನೇ ಮನುಷ್ಯ. ಅವನನ್ನು ಊರೆಲ್ಲ ಇಂಜಿನ್ ಮಾವ ಎಂದು ಕರೆಯುತ್ತಿತ್ತು. ಅವನಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. "ನನಗೊಬ್ಬಳು ಸವತಿ ಇದ್ದಾಳೆ, ತೂಕ ಒಂದೂವರೆ ಟನ್ನು" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಜಿನ್ ಮಾವ ಟ್ಯಾಂಕಿನೊಳಗೆ ಅಳತೆಕೋಲು ಇಳಿಸಿ ಮೇಲೆತ್ತಿದ. ಕೋಲಿನ ತುದಿಯಲ್ಲಿ ನಾಲ್ಕು ಬೆರಳಿನಷ್ಟು ಮಾತ್ರ ಒದ್ದೆ. ಹೆಚ್ಚೆಂದರೆ ಇನ್ನೊಂದು ಗಂಟೆಯ ಡೀಸೆಲ್. ತರಬೇಕಾಗಿದ್ದ ಲಾರಿ ಸೇತುವೆಯ ಆಚೆ ನಿಂತುಬಿಟ್ಟಿತ್ತು. ಸೇತುವೆಯ ಈಚೆಗಿನ ರಸ್ತೆಯನ್ನು ರಾತ್ರಿಯೇ ನೀರು ಕೊಚ್ಚಿಕೊಂಡು ಹೋಗಿತ್ತು.

"ಎಷ್ಟಿದೆ?" ಎಂದು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಕೇಳಿದರು. ಶಾಲೆಯಿಂದ ನಿವೃತ್ತರಾದ ಮೇಲೆ ದಂಡೆ ಸಮಿತಿಯ ಯಜಮಾನಿಕೆ ಅವರ ತಲೆಗೆ ಬಂದಿತ್ತು. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ್ದರೂ ಅಂಗಿಯ ಜೇಬಿನಲ್ಲಿ ಪೆನ್ನು ಇತ್ತು.

"ಎಂಟರವರೆಗೆ ಓಡುತ್ತೆ."

"ಹೊಳೆ ಸಂಜೆವರೆಗೆ ಇಳಿಯಲ್ಲ ಅಂತಾನೆ ತೂಬಿನವ."

"ತೂಬಿನವ ಹೇಳಿದ್ಮೇಲೆ ಇನ್ನೇನು, ಹೊಳೆ ಅವನನ್ನ ಕೇಳ್ಕೊಂಡೇ ಇಳಿಯೋದು."

ಮೇಷ್ಟ್ರು ನಗಲಿಲ್ಲ. "ನಿನ್ನ ನಾದಿನಿ ಹತ್ರ ಎಣ್ಣೆ ಇದೆಯಂತಲ್ಲ. ಎಂಟು ಕ್ಯಾನ್. ಹೇಳಿ ಕಳಿಸಿದ್ದೀನಿ."

ಇಂಜಿನ್ ಮಾವ ಅಳತೆಕೋಲನ್ನು ಒರೆಸತೊಡಗಿದ. ಅವನ ಹೆಂಡತಿಯ ತಂಗಿ ಅಡುಗೆಮನೆಗಳ, ಹೋಟೆಲುಗಳ ಕರಿದ ಎಣ್ಣೆಯನ್ನು ಕೊಂಡು ತಂದು, ಸೋಸಿ, ಬಿಸಿಮಾಡಿ, ಅದಕ್ಕೆ ಯಾವುದೋ ಸ್ಪಿರಿಟ್ಟು, ಯಾವುದೋ ಉಪ್ಪಿನ ಹರಳಿನಂಥ ಕ್ಷಾರ ಬೆರೆಸಿ ಡೀಸೆಲ್ ಮಾಡುತ್ತಾಳೆ ಎಂಬುದು ಮೂರು ವರ್ಷದಿಂದ ಅವನ ನಗೆಯ ವಸ್ತುವಾಗಿತ್ತು. ಬಾಣಲೆ ಡೀಸೆಲ್ ಎಂದು ಅದಕ್ಕೆ ಹೆಸರಿಟ್ಟವನೂ ಅವನೇ. ಬೇಕರಿಯ ವ್ಯಾನು ಎರಡು ವರ್ಷದಿಂದ ಅದರ ಮೇಲೆಯೇ ಓಡುತ್ತಿತ್ತು. ಆದರೂ, "ವ್ಯಾನು ಹಸಿವಿಗೆ ಏನು ಬೇಕಾದ್ರೂ ತಿನ್ನುತ್ತೆ, ನನ್ನ ಇಂಜಿನ್ ಬಾಯಿಗೆ ಮಾತ್ರ ಆ ಎಂಜಲು ಹಾಕಲ್ಲ" ಎಂದು ಅವನು ಅವಳೆದುರಿಗೇ ಹೇಳಿದ್ದ. ಅವಳು ಅಕ್ಕನ ಮನೆಯ ಚಹಾ ಕುಡಿಯುತ್ತ, "ಹಾಕೋ ದಿನ ಬರುತ್ತೆ ಭಾವ, ಆವಾಗ ಕೈ ಮುಗಿದು ಕೇಳ್ಬೇಕು ನೀನು" ಎಂದಿದ್ದಳು. ಭಾವ ನಾದಿನಿಯರ ಜಗಳ, ಯಾರೂ ನಡುವೆ ಬಂದಿರಲಿಲ್ಲ.

ಅವಳು ಬಂದದ್ದು ಓಣಿಯ ಅಣ್ಣತಮ್ಮಂದಿರಿಬ್ಬರು ತಳ್ಳುತ್ತಿದ್ದ ಕೈಗಾಡಿಯ ಹಿಂದೆ. ಗಾಡಿಯಲ್ಲಿ ಇಪ್ಪತ್ತು ಲೀಟರಿನ ಎಂಟು ಕ್ಯಾನುಗಳು. ಸೊಂಟದವರೆಗೆ ನೆನೆದಿದ್ದಳು. ಕೈಯಲ್ಲಿ ಒಂದು ಗಾಜಿನ ಬಾಟಲಿ ಹಿಡಿದಿದ್ದಳು, ಅರ್ಧ ನೀರು, ಅರ್ಧ ಅವಳ ಎಣ್ಣೆ. ಇಂಜಿನ್ ಮನೆಯ ಬಾಗಿಲಲ್ಲಿ ನಿಂತು ಅದನ್ನು ಬಲವಾಗಿ ಅಲ್ಲಾಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೊದಲು ಹಾಲಿನಂತೆ ಕದಡಿದ್ದದ್ದು ನೋಡನೋಡುತ್ತ ಎರಡಾಯಿತು: ಮೇಲೆ ಜೇನಿನ ಬಣ್ಣ, ಕೆಳಗೆ ತಿಳಿನೀರು, ನಡುವೆ ದಾರ ಎಳೆದಂಥ ಗೆರೆ.

"ಮಾಡೋವಾಗ ಹುಟ್ಟೋ ಸಾಬೂನು ಇದರಲ್ಲಿ ಉಳಿದಿದ್ರೆ ಈ ಗೆರೆ ಬರಲ್ಲ, ಮೊಸರಿನ ಹಾಗೆ ಆಗ್ಬಿಡುತ್ತೆ. ನೋಡ್ಕೋ ಭಾವ. ಆಮೇಲೆ ನಿನ್ನ ಎಂಜಲು ಸರಿ ಇರ್ಲಿಲ್ಲ ಅನ್ಬೇಡ."

"ನೋಡ್ದೆ ನೋಡ್ದೆ. ಕೈ ಮುಗೀಬೇಕಾ ಈಗ?"

"ಸಾಲದಲ್ಲಿಟ್ಕೋ." ಅವಳು ಟ್ಯಾಂಕಿನ ಕಡೆ ತಿರುಗಿದಳು. ಇಂಜಿನ್ನಿನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಕಬ್ಬಿಣದ ಟ್ಯಾಂಕು ಎಮ್ಮೆಯಷ್ಟು ದಪ್ಪ. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ವರ್ಷವರ್ಷದ ತಾರೀಖುಗಳು, ಒಂದರ ಕೆಳಗೊಂದು, ಪ್ರತಿಯೊಂದರ ಮುಂದೆಯೂ "ತೊಳೆದಿದೆ" ಎಂಬ ಮಾತು. "ಒಂದು ವಿಷಯ. ನನ್ನ ಎಣ್ಣೆ ಕೊಳೆ ಕಂಡ್ರೆ ಬಿಡಲ್ಲ. ಡೀಸೆಲ್ಲು ವರ್ಷಗಟ್ಟಲೆ ಟ್ಯಾಂಕಿಗೆ ಅಂಟಿಸಿದ ಜಿಡ್ಡನ್ನೆಲ್ಲ ಇದು ಕೆರೆದು ಎಬ್ಬಿಸುತ್ತೆ. ಟ್ಯಾಂಕ್ ತೊಳೆದಿದ್ರೆ ಮಾತ್ರ ಇದರಲ್ಲಿ ಸುರಿಯೋಣ. ಇಲ್ಲ ಅಂದ್ರೆ ಹೇಳು, ಬೇರೆ ದಾರಿ ಮಾಡೋಣ. ತೊಳೆದಿದ್ದೀಯಲ್ಲ?"

ಇಂಜಿನ್ ಮಾವ ತಿರುಗಿ ನೋಡಿದ. ಬಾಗಿಲಲ್ಲಿ ಮೇಷ್ಟ್ರಿದ್ದರು. ಅವರ ಹಿಂದೆ ಓಣಿಯ ಏಳೆಂಟು ಜನ.

"ಕಣ್ಣು ಕಾಣಲ್ವಾ? ಬರೆದಿಲ್ವಾ ಅಲ್ಲಿ" ಎಂದ.

ಬರೆದಿತ್ತು. ಮಳೆಗಾಲಕ್ಕೆ ಮುಂಚೆ ಟ್ಯಾಂಕನ್ನು ಖಾಲಿ ಮಾಡಿ, ಮೇಲಿನ ಬಾಯಿಯಿಂದ ತಲೆಕೆಳಗಾಗಿ ಬಾಗಿ, ತೋಳನ್ನು ಭುಜದವರೆಗೆ ಇಳಿಸಿ, ತಳದ ಕಪ್ಪು ಕೆಸರನ್ನು ಬಾಚಿ ತೆಗೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ತಪ್ಪದೆ ಮಾಡಿದ್ದ. ಆಮೇಲೆ ಬಲ ಭುಜ ಹಿಡಿದುಕೊಂಡಿತು. ತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳದು. ಒಂದು ವರ್ಷ ಬಾಗಿ ನೋಡಿದ, ಕಣ್ಣು ಕತ್ತಲಿಟ್ಟು ಬಂತು. ಯಾರನ್ನಾದರೂ ಸಹಾಯಕ್ಕೆ ಕರೆದರೆ, ಕೈಲಾಗದವನಿಗೆ ಇಂಜಿನ್ ಯಾಕೆ ಎಂಬ ಮಾತು ಹುಟ್ಟುತ್ತದೆ. ಈ ವರ್ಷ ಒಂದು ಬಿಡೋಣ ಎಂದುಕೊಂಡು ಬಣ್ಣ ಮಾತ್ರ ಹಚ್ಚಿದ. ಇಂಜಿನ್ ಏನೂ ಅನ್ನಲಿಲ್ಲ. ಮರುವರ್ಷವೂ ಅನ್ನಲಿಲ್ಲ. ಹೀಗೆ ಕೊನೆಯ ನಾಲ್ಕು ತಾರೀಖುಗಳು ಬರೀ ಬಣ್ಣ. ಇದು ಅವನಿಗೂ ಬಣ್ಣದ ಡಬ್ಬಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಾದಿನಿ ಮೊದಲ ಕ್ಯಾನಿನ ಮುಚ್ಚಳ ತಿರುಗಿಸಿದಳು.

ಎಂಟೂ ಕ್ಯಾನಿನ ಎಣ್ಣೆ ಸುರಿಯುವಾಗ ಇಂಜಿನ್ ಮನೆಯ ತುಂಬ ಅಡುಗೆಮನೆಯ ವಾಸನೆ ಹರಡಿತು. ಅವನು ಕಿವಿಯನ್ನು ಇಂಜಿನ್ನಿನ ಮೇಲೆಯೇ ಇಟ್ಟಿದ್ದ. ಹಳೆಯ ಡೀಸೆಲ್ ಮುಗಿದು ಹೊಸದು ಹೋಗುವ ಗಳಿಗೆ ಬಂದಾಗ ಶಬ್ದ ಎಲ್ಲಿಯಾದರೂ ಎಡವುತ್ತದೆಯೋ ಎಂದು ಕಾದ. ಎಡವಲಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ನುಣ್ಣಗಾಯಿತು. ಹೊಗೆಕೊಳವೆಯಿಂದ ಬರುತ್ತಿದ್ದ ಕಪ್ಪು ಹೊಗೆ ತೆಳುವಾಗಿ, ಬೆಳ್ಳಗಾಗಿ, ಇಲ್ಲವೇ ಇಲ್ಲ ಎನ್ನುವಷ್ಟಾಯಿತು.

"ಏನಂತಾಳೆ ನಮ್ಮಕ್ಕನ ಸವತಿ?" ಎಂದು ಅವಳು ಕೇಳಿದಳು.

"ರುಚಿ ಹತ್ತಿದೆ ಅಂತಾಳೆ."

ಹತ್ತು ಗಂಟೆಗೆ ಓಣಿಯಲ್ಲಿ ನೀರು ಎರಡು ಬೆರಳು ಇಳಿದಿತ್ತು. ಮೇಷ್ಟ್ರು ದಂಡೆಯ ಮೇಲೆ ಕುಳಿತು ಒಂದು ಬಿಸ್ಕತ್ತು ತಿಂದರು. ತೂಬಿನವ ಬಂದು, ಹೊಳೆಯಲ್ಲಿ ನೆಟ್ಟ ತನ್ನ ಕೋಲಿನ ಪ್ರಕಾರ ಹೊಳೆ ಇನ್ನು ಏರುವುದಿಲ್ಲ, ಇಳಿಯುವುದಷ್ಟೇ ಬಾಕಿ ಎಂದು ಹೇಳಿಹೋದ. ಇಂಜಿನ್ ಮಾವ ಎಲ್ಲರೊಂದಿಗೆ ಒಂದೊಂದು ಮಾತಾಡಿದ. ಆದರೆ ಇಂಜಿನ್ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಇರುವ ಫಿಲ್ಟರಿನ ಗಾಜಿನ ಬಟ್ಟಲಿನ ಮೇಲೆ ಅವನ ಕಣ್ಣು. ಬಟ್ಟಲಿನ ಜೇನುಬಣ್ಣ ಚಹಾದ ಬಣ್ಣವಾಗಿತ್ತು.

ಹನ್ನೊಂದಕ್ಕೆ ಶಬ್ದ ಬದಲಾಯಿತು.

ಬೇರೆ ಯಾರಿಗೂ ತಿಳಿಯುವಂಥದಲ್ಲ. ಏದುಸಿರು ಬಿಡುವವನು ನಡುನಡುವೆ ಒಂದು ಉಸಿರನ್ನು ಮರೆತ ಹಾಗೆ. ಮತ್ತೆ ಒಂದು. ಪಂಪಿನ ಬಾಯಿಯಿಂದ ದಂಡೆಯ ಆಚೆ ಕಮಾನಾಗಿ ಬೀಳುತ್ತಿದ್ದ ನೀರು ಬಾಗಿ ಹತ್ತಿರಕ್ಕೆ ಬಂತು. ಅವನು ಇಂಜಿನ್ ನಿಲ್ಲಿಸಿ, ಫಿಲ್ಟರ್ ಬಿಚ್ಚಿದ. ಕಾಗದದ ಮಡಿಕೆಗಳ ತುಂಬ ಕಪ್ಪು ಲೋಳೆ ಮೆತ್ತಿಕೊಂಡಿತ್ತು. ಯಾರೂ ನೋಡುವ ಮುಂಚೆ ಅದನ್ನು ಹಳೆಬಟ್ಟೆಯಲ್ಲಿ ಸುತ್ತಿ ಕಪಾಟಿನ ಹಿಂದೆ ಎಸೆದ. ಹೊಸದು ಹಾಕಿ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹೊರಗೆ ಬಿಟ್ಟು, ಹಿಡಿ ತಿರುಗಿಸಿ ಇಂಜಿನ್ ಹಚ್ಚುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಇಳಿದಿದ್ದ ಎರಡು ಬೆರಳಲ್ಲಿ ಒಂದು ಬೆರಳು ಮತ್ತೆ ಏರಿತು.

"ಏನಾಯ್ತು ಮಾವ?" ದಂಡೆಯ ಮೇಲಿಂದ ಯಾರೋ ಕೇಳಿದರು.

"ಫಿಲ್ಟರ್ ಹಳೇದಾಗಿತ್ತು."

ಅದೂ ಸುಳ್ಳು. ಒಂದು ಸುಳ್ಳಿಗೆ ಕಾವಲು ಬೇಕಾದರೆ ಇನ್ನೊಂದು ಸುಳ್ಳನ್ನೇ ನಿಲ್ಲಿಸಬೇಕು, ನಿಜ ಆ ಕೆಲಸಕ್ಕೆ ಬರುವುದಿಲ್ಲ.

ಎರಡನೆಯ ಫಿಲ್ಟರ್ ನಲವತ್ತು ನಿಮಿಷ ಬಂತು. ಈ ಬಾರಿ ಇಂಜಿನ್ ತಾನಾಗಿಯೇ ನಿಂತಿತು. ಶಬ್ದ ಇಳಿದಿಳಿದು, ಕೆಮ್ಮಿ, ದೊಡ್ಡ ಚಕ್ರ ಸುಮ್ಮನೆ ಎರಡು ಸುತ್ತು ತಿರುಗಿ ನಿಂತಿತು. ಆ ನಿಶ್ಶಬ್ದ ತಗ್ಗಿನ ಓಣಿಯ ಕೊನೆಯ ಮನೆಗೂ ಕೇಳಿಸಿತು. ಜನ ಸಾಮಾನು ಅಟ್ಟಕ್ಕೆ ಏರಿಸುವುದನ್ನು ಬಿಟ್ಟು ದಂಡೆಯತ್ತ ಬರತೊಡಗಿದರು. ಕೈಯಲ್ಲಿದ್ದದ್ದನ್ನು ಕೆಳಗಿಡುವುದಕ್ಕೂ ಮರೆತವರಿದ್ದರು. ಒಬ್ಬಳು ಕಂಕುಳಲ್ಲಿ ಕೋಳಿ ಹಿಡಿದೇ ಬಂದಿದ್ದಳು.

ಅವನು ಫಿಲ್ಟರ್ ಬದಲಿಸಿ ಹಚ್ಚಿದ. ಇದು ಇಪ್ಪತ್ತೇ ನಿಮಿಷ ಬಂತು.

ಕಪಾಟಿನಲ್ಲಿ ಉಳಿದದ್ದು ಇನ್ನೊಂದೇ. ಪೊಟ್ಟಣ ಒಡೆಯದ ಆ ಫಿಲ್ಟರನ್ನು ಅವನು ಕೈಯಲ್ಲಿ ಹಿಡಿದು ನಿಂತ. ಬಾಗಿಲ ತುಂಬ ಜನ. ಬೆಳಕೇ ಕಡಿಮೆಯಾದಂತಿತ್ತು. ತೂಬಿನವ ಜನರ ನಡುವೆ ತೂರಿಕೊಂಡು ಬಂದು, "ಎರಡನೇ ಮೆಟ್ಟಿಲು ಮುಳುಗಿ ಮೂರನೇದಕ್ಕೆ ಬಂತು. ಒಂದು ಗೇಣು ಉಳಿದಿದೆ ಅಷ್ಟೇ" ಎಂದ.

"ಇದೆಲ್ಲ ಆ ಕರಿದ ಎಣ್ಣೆ ಕರಾಮತ್ತು" ಎಂದಿತು ಒಂದು ದನಿ.

"ಅಡುಗೆಮನೆ ಕಸ ಇಂಜಿನ್ನಿಗೆ ಹಾಕಿದ್ರೆ ಇನ್ನೇನಾಗುತ್ತೆ. ನಾನು ಬೆಳಗ್ಗೇನೇ ಅಂದೆ."

"ನೀನು ಬೆಳಗ್ಗೆ ಮಲಗಿದ್ದೆ."

"ಮಲಗಿದ್ರೂ ಅಂದೆ."

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನಾದಿನಿಯ ಮೇಲಿತ್ತು. ಅವಳು ಮಂಡಿಯೂರಿ ಕುಳಿತು, ಈಗಷ್ಟೇ ಬಿಚ್ಚಿದ ಫಿಲ್ಟರನ್ನು ಚಾಕುವಿನಿಂದ ಸೀಳಿದಳು. ಕಾಗದದ ಮಡಿಕೆಗಳನ್ನು ಪುಸ್ತಕದ ಹಾಳೆಯಂತೆ ಬಿಡಿಸಿ, ಕಪ್ಪು ಲೋಳೆಯನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದಳು. ಮೂಸಿದಳು. ಅದರಲ್ಲಿ ಅಡುಗೆಮನೆಯ ವಾಸನೆಯಿರಲಿಲ್ಲ. ಹಳೆಯ ಡೀಸೆಲ್ಲಿನ, ತುಕ್ಕಿನ, ಕೊಳೆತ ಬಾವಿಯ ವಾಸನೆಯಿತ್ತು. ಅವಳು ತಲೆಯೆತ್ತಿ ಟ್ಯಾಂಕಿನ ಮೇಲಿನ ಬಿಳಿ ತಾರೀಖುಗಳನ್ನು ಒಂದೊಂದಾಗಿ ಓದುತ್ತ ಕೆಳಗಿನವರೆಗೆ ಬಂದಳು. ಆಮೇಲೆ ಭಾವನ ಮುಖ ನೋಡಿದಳು.

ಅವಳಿಗೆ ತಿಳಿದುಹೋಯಿತು ಎಂದು ಅವನಿಗೆ ತಿಳಿಯಿತು. ಅವಳು ಬಾಯಿ ತೆರೆಯುತ್ತಾಳೆ ಎಂದು ಕಾದ. ಒಂದು ಲೆಕ್ಕಕ್ಕೆ ಅದೇ ಆಗಲಿ ಎಂದು ಬೇಡಿಕೊಂಡ. ಬೇರೆಯವರು ಹೇಳಿದರೆ ಇಲ್ಲ ಎನ್ನುವುದಕ್ಕಾದರೂ ಜಾಗವಿರುತ್ತದೆ. ಅವಳು ಹೇಳಲಿಲ್ಲ. ಬೆರಳನ್ನು ಲಂಗದ ಅಂಚಿಗೆ ಒರೆಸಿಕೊಂಡು ಅವನನ್ನೇ ನೋಡುತ್ತ ಕುಳಿತಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ವಾದ ಬೇಡ. ಹಾಲಿನ ಟ್ರ್ಯಾಕ್ಟರಿನಲ್ಲಿ ಅರ್ಧ ಕ್ಯಾನ್ ಡೀಸೆಲ್ ಇದೆ. ಟ್ಯಾಂಕಿನಲ್ಲಿರೋ ಇವಳ ಎಣ್ಣೇನೆಲ್ಲ ಚೆಲ್ಲಿ, ಅದನ್ನ ಸುರೀರಿ. ಕೊನೇ ಫಿಲ್ಟರ್ ಹಾಕಿ ಹಚ್ಚೋಣ. ಅದು ಮುಗಿಯೋಷ್ಟರಲ್ಲಿ ಮುದುಕರನ್ನ, ಮಕ್ಕಳನ್ನ ಶಾಲೆಗೆ ಸಾಗಿಸೋಣ." ಆಮೇಲೆ ನಾದಿನಿಯ ಕಡೆ ತಿರುಗಿ, ತರಗತಿಯಲ್ಲಿ ತಪ್ಪು ಮಾಡಿದವರಿಗೆ ಹೇಳುವ ಬೇಸರದ ದನಿಯಲ್ಲಿ, "ನಿನ್ನ ಮೇಲೆ ಕೋಪ ಇಲ್ಲಮ್ಮ. ಆದರೆ ಇನ್ಮೇಲೆ ಈ ಪ್ರಯೋಗವೆಲ್ಲ ಊರಿನ ಯಂತ್ರದ ಮೇಲೆ ಬೇಡ. ಆ ಶೆಡ್ಡು ನಡೆಸೋದು ಬೇಕಾ ಅನ್ನೋದನ್ನೂ ಸಮಿತಿ ಯೋಚಿಸ್ಬೇಕಾಗುತ್ತೆ" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟ್ರ್ಯಾಕ್ಟರಿನವನು ಆಗಲೇ ಕ್ಯಾನು ತರಲು ಓಡಿದ್ದ. ಇನ್ನೊಬ್ಬ ಟ್ಯಾಂಕಿನ ಕೆಳಗಿನ ನಲ್ಲಿಗೆ ಬಕೆಟ್ ಹಿಡಿಯುತ್ತಿದ್ದ. ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಎಣ್ಣೆ ಚೆಲ್ಲಿದರೂ ಎದ್ದು ಕದಡಿದ ಕೆಸರು ಟ್ಯಾಂಕಿನಲ್ಲೇ ಇರುತ್ತದೆ. ಅದರ ಮೇಲೆ ಒಳ್ಳೆಯ ಡೀಸೆಲ್ ಬಿದ್ದರೆ ಡೀಸೆಲ್ಲೂ ಕೆಡುತ್ತದೆ. ಕೊನೆಯ ಫಿಲ್ಟರ್ ಕಾಲು ಗಂಟೆ ಬರುತ್ತದೋ ಇಲ್ಲವೋ. ಆಮೇಲೆ ಪಂಪಿಲ್ಲ. ನಲವತ್ತು ಮನೆಗಳ ಒಳಗೆ ಮೊಣಕಾಲುದ್ದ ನೀರು. ಆದರೆ ಆಗಲೂ ಜನ ಬಾಣಲೆ ಡೀಸೆಲ್ಲಿಗೆ ಶಾಪ ಹಾಕುತ್ತಾರೆಯೇ ಹೊರತು ಅವನಿಗಲ್ಲ. ಪಾಪ, ಇಂಜಿನ್ ಮಾವ ಏನು ಮಾಡಿಯಾನು ಎನ್ನುತ್ತಾರೆ. ಇಪ್ಪತ್ತಾರು ವರ್ಷದ ಹೆಸರು ಒದ್ದೆಯಾಗದೆ ಉಳಿಯುತ್ತದೆ.

ಬಕೆಟ್ ಹಿಡಿದವನು ನಲ್ಲಿಗೆ ಕೈ ಹಾಕಿದ.

"ಬಿಡು ಅದನ್ನ" ಎಂದ ಇಂಜಿನ್ ಮಾವ.

ದನಿ ಅಷ್ಟು ಮೆಲ್ಲಗಿತ್ತೆಂದರೆ ಬಕೆಟ್ಟಿನವನಿಗೆ ಕೇಳಿಸಲೇ ಇಲ್ಲ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು. "ಬಿಡು ಅಂದೆ. ಎಣ್ಣೆ ಸರಿಯಾಗೇ ಇದೆ. ಟ್ಯಾಂಕು ತೊಳೆದಿಲ್ಲ."

ಮೇಷ್ಟ್ರು ಟ್ಯಾಂಕಿನತ್ತ ನೋಡಿದರು. "ಬರೆದಿದೆಯಲ್ಲ."

"ಬರೆದಿದೆ. ತೊಳೆದಿಲ್ಲ."

"ಈ ವರ್ಷನಾ?"

"ನಾಲ್ಕು ವರ್ಷ ಆಯ್ತು. ಬಣ್ಣ ಮಾತ್ರ ಹಚ್ಚಿದೆ. ಭುಜ ಏಳಲ್ಲ ನಂದು. ಬೆಳಗ್ಗೆ ಇವಳು ಕೇಳಿದ್ಲು, ತೊಳೆದಿದ್ದೀಯಾ ಅಂತ. ಹೂಂ ಅಂದೆ. ಆವಾಗಲೇ ಇಲ್ಲ ಅಂದಿದ್ರೆ ಇಷ್ಟಾಗ್ತಿರ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಎದೆ ಹಗುರಾಗುತ್ತದೆ ಎಂದು ಜನ ಹೇಳುವುದುಂಟು. ಅವನಿಗೆ ಹಾಗೇನೂ ಆಗಲಿಲ್ಲ. ಕಾಲ ಕೆಳಗಿನ ಸಿಮೆಂಟು ತಣ್ಣಗಿದ್ದದ್ದು ಮಾತ್ರ ಗೊತ್ತಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಂಕುಳಲ್ಲಿ ಕೋಳಿ ಹಿಡಿದವಳು, "ನಮ್ಮದು ಎಲ್ಲಕ್ಕಿಂತ ತಗ್ಗಿನ ಕಡೇ ಮನೆ ಮಾವ" ಎಂದಳು, ಅಷ್ಟೇ. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ನಾದಿನಿ ಎದ್ದು ನಿಂತಿದ್ದಳು. "ನಿನ್ನ ಹತ್ರ ಮಾತಾಡೋದಿದೆ ಭಾವ. ಈಗಲ್ಲ. ಇಂಜಿನ್ ಕೆಲಸ ಮುಗಿಲಿ, ಆಮೇಲೆ." ಆ ಕೂಡಲೇ ಅವಳ ದನಿ ಬದಲಾಯಿತು. "ಟ್ಯಾಂಕ್ ಮುಚ್ಚಿ. ಇನ್ನದರ ಸಹವಾಸ ಬೇಡ. ಮೇಲಿನ ತೊಲೆಗೆ ಕ್ಯಾನ್ ಕಟ್ಟಿ, ಅದರಿಂದ ನೇರ ಫಿಲ್ಟರಿಗೆ ಕೊಳವೆ ಬಿಡೋಣ. ನನ್ನ ಶೆಡ್ಡಿನಲ್ಲಿ ಎಣ್ಣೆ ತೊಳೆಯೋ ಪೀಪಾಯಿಗೆ ಹಾಕಿರೋ ಕೊಳವೆ ಇದೆ, ಬೆರಳು ದಪ್ಪದ್ದು. ಬೇಕರಿಗೆ ಅಂತ ಎತ್ತಿಟ್ಟ ಎರಡು ಕ್ಯಾನೂ ಇದೆ. ಅಕ್ಕ ಅಲ್ಲೇ ಇದ್ದಾಳೆ, ಕೂಗಿ ಹೇಳಿ."

"ಎರಡು ಕ್ಯಾನ್ ಎಷ್ಟು ಹೊತ್ತು?" ಎಂದು ಮೇಷ್ಟ್ರು ಕೇಳಿದರು. ಅವಳನ್ನಲ್ಲ, ಅಭ್ಯಾಸದಿಂದ ಅವನನ್ನೇ ಕೇಳಿದ್ದರು. ಕೇಳಿದ ಮೇಲೆ ಈ ಮನುಷ್ಯನ ಮಾತನ್ನು ನಂಬಬಹುದೋ ಎಂದು ತಾವೇ ಅನುಮಾನಿಸಿದಂತೆ ನಾದಿನಿಯ ಕಡೆ ನೋಡಿದರು.

"ಒಂದೊಂದು ಎರಡು ಗಂಟೆ. ಟ್ರ್ಯಾಕ್ಟರಿನದು ಒಂದು. ಒಟ್ಟು ಐದು" ಎಂದ ಅವನು. ಮತ್ತೆ, "ಗಾಳಿ ಸಿಕ್ಕಿಕೊಳ್ಳದೇ ಇದ್ರೆ. ನಾನು ಹೀಗೆ ಹಿಂದೆ ಮಾಡಿಲ್ಲ. ಆಗುತ್ತೆ ಅಂತ ಖಾತ್ರಿ ಇಲ್ಲ" ಎಂದು ಸೇರಿಸಿದ.

"ಈಗ ಒಂದು ಗಂಟೆ. ಐದು ಸೇರಿದ್ರೆ ಆರು. ತೂಬು ಎಷ್ಟೊತ್ತಿಗೆ?"

"ಆರಕ್ಕೆ ತೆಗೀಬಹುದು, ಏಳೂ ಆಗ್ಬಹುದು" ಎಂದ ತೂಬಿನವ. "ಹೊಳೆ ನನ್ನ ಅತ್ತೆ ಇದ್ದ ಹಾಗೆ. ಹೋಗ್ತೀನಿ ಹೋಗ್ತೀನಿ ಅಂತ ಬಾಗಿಲಲ್ಲೇ ನಿಂತಿರುತ್ತೆ."

ಇಂಜಿನ್ ಮಾವನ ಹೆಂಡತಿ ಒಂದು ಕ್ಯಾನನ್ನು ತಲೆಯ ಮೇಲೆ ಹೊತ್ತು, ಇನ್ನೊಂದನ್ನು ಕೈಗಾಡಿಯ ಅಣ್ಣತಮ್ಮಂದಿರಿಗೆ ಹೊರಿಸಿ, ಕೊಳವೆಯನ್ನು ಕುತ್ತಿಗೆಗೆ ಸುತ್ತಿಕೊಂಡು ಎದೆಯುದ್ದ ನೀರಿನಲ್ಲಿ ನಡೆದು ಬಂದಳು. ದಾರಿಯಲ್ಲೇ ಯಾರೋ ಸುದ್ದಿ ಹೇಳಿದ್ದರು. ಅವಳು ಗಂಡನ ಮುಖ ನೋಡಲಿಲ್ಲ. ಕ್ಯಾನಿಗೆ ಹಗ್ಗ ಬಿಗಿಯಲು ಅವನು ಬಲತೋಳು ಎತ್ತಲು ಹೋಗಿ ಕಿವಿಯ ಮಟ್ಟದಲ್ಲಿ ನಿಂತಾಗ, ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಸ್ಟೂಲು ಹತ್ತಿ ತೊಲೆಗೆ ಗಂಟು ಹಾಕಿದಳು. "ರಾತ್ರಿಯೆಲ್ಲ ನರಳಿದ್ರೆ ಏನಿಲ್ಲ ಏನಿಲ್ಲ ಅಂತಿದ್ದೆ" ಎಂದು ಗಂಟಿಗೇ ಹೇಳುವಂತೆ ಹೇಳಿದಳು.

ಕೊನೆಯ ಫಿಲ್ಟರಿನ ಪೊಟ್ಟಣ ಒಡೆಯಿತು. ನಾದಿನಿ ಬಟ್ಟಲನ್ನು ತನ್ನ ಎಣ್ಣೆಯಿಂದಲೇ ಮೂರು ಸಲ ತೊಳೆದು ಬೆಳಕಿಗೆ ಹಿಡಿದು ನೋಡಿದಳು. ಅವನು ಫಿಲ್ಟರ್ ಕೂರಿಸಿದ, ಅವಳು ಕೊಳವೆ ಸಿಕ್ಕಿಸಿದಳು. ಗಾಳಿ ಬಿಡುವ ತಿರುಪು ಸಡಿಲಿಸಿದಾಗ ನೊರೆ ಬಂತು. ನೊರೆಯ ಹಿಂದೆ ಗುಳ್ಳೆ. ಗುಳ್ಳೆ ಮುಗಿಯಲಿಲ್ಲ. ಎಲ್ಲಿಂದಲೋ ಗಾಳಿ ಎಳೆಯುತ್ತಿತ್ತು. ಅವನು ಕಣ್ಣು ಮುಚ್ಚಿ ಕೊಳವೆಯುದ್ದಕ್ಕೂ ಬೆರಳು ಆಡಿಸುತ್ತ ಹೋದ. ಹಳೆಯ ಹಿತ್ತಾಳೆಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕಿತು. ಹೆಂಡತಿ ಸೆರಗಿನ ಅಂಚು ಹರಿದು ಕೊಟ್ಟಳು. ಬಿಗಿಯಾಗಿ ಸುತ್ತಿ ಕಟ್ಟಿದ. ಹೊರಗೆ ನೀರು ಗೋಡೆಗೆ ತಾಕುವ ಸದ್ದು ಕೇಳುತ್ತಿತ್ತು.

ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಬಂತು.

ಹಿಡಿ ತಿರುಗಿಸಲು ಎರಡು ಕೈ ಬೇಕು. ಬೆಳಗಿನಿಂದ ತಿರುಗಿಸಿ ಬಲಭುಜ ಸೋತಿತ್ತು, ಅವನು ಎಡಗೈ ಮಾತ್ರ ಹಾಕಿದ. ಬಲಗೈಯ ಜಾಗದಲ್ಲಿ ತೂಬಿನವ ಬಂದು ನಿಂತ. "ಹೇಳು ಯಾವಾಗ ಅಂತ" ಎಂದ. "ಈಗ" ಎಂದ ಅವನು. ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲ ಒಂದು ಬಾರಿ ಗುಡುಗಿ ಸುಮ್ಮನಾಯಿತು. ಮೂರನೆಯದಕ್ಕೆ ಇಡೀ ಕಟ್ಟೆಯೇ ಅದುರಿತು. ಚಕ್ರ ವೇಗ ಹಿಡಿಯಿತು, ಪಂಪಿನ ಬೆಲ್ಟು ಬಿಗಿಯಾಯಿತು, ದಂಡೆಯ ಆಚೆ ನೀರು ಕಮಾನಾಗಿ ಹಾರಿತು.

ಮೂರನೆಯ ಮೆಟ್ಟಿಲು ಮುಳುಗಲು ಆಗ ಉಳಿದಿದ್ದದ್ದು ನಾಲ್ಕು ಬೆರಳು. ಕೋಳಿಯವಳ ಕಡೆಯ ಮನೆಗೆ ಮಾತ್ರ ನೀರು ನುಗ್ಗಿ ಹಾಸಿಗೆ ನೆನೆಯಿತು.

ಆಮೇಲಿನ ಐದು ಗಂಟೆ ಅವನು ಕುಳಿತುಕೊಳ್ಳಲಿಲ್ಲ. ಕ್ಯಾನಿನಲ್ಲಿ ಎಣ್ಣೆ ಇಳಿದಂತೆಲ್ಲ ಕೊಳವೆಯ ತುದಿ ಮೇಲೆ ಬಾರದಂತೆ ಒಬ್ಬರು ಹಿಡಿದಿರಬೇಕು. ನಾದಿನಿ, ಹೆಂಡತಿ, ತೂಬಿನವನ ಮಗಳು ಸರದಿಯಲ್ಲಿ ಹಿಡಿದರು. ಕ್ಯಾನು ಬದಲಿಸುವಾಗ ಗಾಳಿ ನುಗ್ಗದಂತೆ ಅವನು ಕೊಳವೆಯನ್ನು ಬೆರಳಿನಿಂದ ಹಿಸುಕಿ ನಿಲ್ಲುತ್ತಿದ್ದ. ಬೆರಳು ಮರಗಟ್ಟಿದರೂ ಬಿಡುತ್ತಿರಲಿಲ್ಲ. ಬಟ್ಟಲಿನಲ್ಲಿ ಬಣ್ಣ ಜೇನಾಗಿಯೇ ಉಳಿಯಿತು. ಮೇಷ್ಟ್ರು ಎರಡು ಸಲ ಬಂದು ನೋಡಿ ಹೋದರು. ಒಂದು ಸಲ ಜೇಬಿನಿಂದ ಪೆನ್ನು ತೆಗೆದವರು ಏನೂ ಬರೆಯದೆ ಹಿಂದಕ್ಕೆ ಇಟ್ಟರು. ನಾದಿನಿಯ ಮುಂದೆ ನಿಂತು, "ನಾನು ಆ ಶೆಡ್ಡಿನ ಮಾತು ಅವಸರದಲ್ಲಿ ಆಡಿದೆ" ಎಂದರು. ಅವಳು ಕ್ಯಾನಿನ ಮೇಲಿನ ಕಣ್ಣು ತೆಗೆಯದೆ, "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಷ್ಟ್ರೇ, ಬೆಳಕಿಗೆ ಅಡ್ಡ ಆಗುತ್ತೆ" ಎಂದಳು.

ಟ್ರ್ಯಾಕ್ಟರಿನ ಅರ್ಧ ಕ್ಯಾನೂ ತಳ ಕಾಣುವ ಹೊತ್ತಿಗೆ ಬಿಸಿಲು ದಂಡೆಯ ಆಚೆ ಓರೆಯಾಗಿತ್ತು. ತೂಬಿನವನ ಕೂಗು ಕೇಳಿಸಿತು. ಕಬ್ಬಿಣದ ಬಾಗಿಲು ಕಿರುಗುಡುತ್ತ ಏಳುವುದು ಇಂಜಿನ್ನಿನ ಶಬ್ದದ ಮೇಲೂ ಕೇಳಿಸಿತು. ಒಳಗಿನ ನೀರು ತಾನಾಗಿ ಹೊಳೆಯ ಕಡೆ ತಿರುಗಿ ಹರಿಯತೊಡಗಿತು. ಹುಲ್ಲುಕಡ್ಡಿ, ಒಂದು ಚಪ್ಪಲಿ, ಯಾರದೋ ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಆ ಕಡೆಗೆ ಹೊರಟವು.

"ನಿಲ್ಲಿಸು ಭಾವ. ಸಾಕು" ಎಂದಳು ನಾದಿನಿ.

ಅವನ ಕೈ ನಿಲ್ಲಿಸುವ ಹಿಡಿಯ ಮೇಲಿತ್ತು. ಶಬ್ದ ಇರುವವರೆಗೆ ಅವನಿಗೆ ಕೆಲಸವಿತ್ತು, ಕೆಲಸವಿದ್ದ ಮನುಷ್ಯನನ್ನು ಯಾರೂ ಏನೂ ಕೇಳುವುದಿಲ್ಲ. ಕ್ಯಾನಿನಲ್ಲಿ ಇನ್ನೊಂದು ಐದು ನಿಮಿಷಕ್ಕಾಗುವಷ್ಟು ಇತ್ತು. ಕಿಟಕಿಯಿಂದ ನೋಡಿದ. ದಂಡೆಯ ಮೇಲೆ ಓಣಿಯ ಜನ ಇನ್ನೂ ಕುಳಿತೇ ಇದ್ದರು. ಯಾರೂ ಮನೆಗೆ ಹೊರಟಿರಲಿಲ್ಲ, ಅವನಿಗಾಗಿ ಕಾಯುತ್ತಿದ್ದರು. ಮೇಷ್ಟ್ರು ಅವರ ನಡುವೆ ಕಾಲು ಚಾಚಿ ಕುಳಿತಿದ್ದರು. ಕೋಳಿಯವಳು ನೆನೆದ ಹಾಸಿಗೆಯನ್ನು ಹುಲ್ಲಿನ ಮೇಲೆ ಹರಡಿ ಅದರ ಪಕ್ಕದಲ್ಲೇ ಇದ್ದಳು.

ಅವನು ಹಿಡಿ ಎಳೆದ. ಚಕ್ರ ನಿಧಾನವಾಗಿ ಸುತ್ತುತ್ತ ನಿಂತಿತು. ಕೈಯನ್ನು ಬಟ್ಟೆಗೆ ಒರೆಸಿಕೊಂಡ, ಬೆರಳು ಬೆರಳಿನ ಸಂದಿಯವರೆಗೂ. ಆಮೇಲೆ ನಾದಿನಿಯ ಹಿಂದೆ ಬಾಗಿಲು ದಾಟಿ ಹೊರಗೆ ಬಂದು, ಅವರೆಲ್ಲ ಕುಳಿತಿದ್ದ ಕಡೆಗೆ ದಂಡೆ ಹತ್ತತೊಡಗಿದ.